ಒಂದು ಸಾಲಿನ ಉಪಕಾರ

ಜಾಲತಾಣಗಳನ್ನು ತೆರೆದು ನೋಡುವ ಅಭ್ಯಾಸವುಳ್ಳವರಿಗೆ ಆ ಬೊಂಬೆ ಅಪರಿಚಿತವಲ್ಲ. ಪುಟದ ಕೆಳಮೂಲೆಯಲ್ಲೊಂದು ಪುಟ್ಟ ವೃತ್ತ. ಅದರೊಳಗೆ ಕೈಕಾಲು ಚಾಚಿ ನಿಂತ ಮನುಷ್ಯಾಕೃತಿ. ಒತ್ತಿದರೆ ಪಟ್ಟಿಯೊಂದು ಬಿಚ್ಚಿಕೊಳ್ಳುತ್ತದೆ: ಅಕ್ಷರ ದೊಡ್ಡದಾಗಲಿ, ಬಣ್ಣ ಗಾಢವಾಗಲಿ, ಕುಣಿಯುವ ಚಿತ್ರಗಳು ನಿಲ್ಲಲಿ. ಇದಕ್ಕೆ ಓವರ್‌ಲೇ, ಅಂದರೆ ಮೇಲುಹೊದಿಕೆ ಎಂದು ಹೆಸರು. ಮಾರುವವರು ಕೊಡುವ ಒಂದು ಸಾಲಿನ ಕೋಡನ್ನು ಪುಟಕ್ಕೆ ಅಂಟಿಸಿ, ಕಾಲಕಾಲಕ್ಕೆ ಚಂದಾ ತೆತ್ತರಾಯಿತು. ತನ್ನ ತಾಣವು ಅಂಧರಿಗೂ ಕೈ ನಡುಗುವವರಿಗೂ ತೆರೆದುಕೊಂಡಿತೆಂದು ಅದರ ಒಡೆಯನು ನೆಮ್ಮದಿಯಿಂದ ನಿದ್ರಿಸಬಹುದು. ಇಷ್ಟು ಅಗ್ಗದ ಪುಣ್ಯ ಕಾಶಿಯಲ್ಲಿಯೂ ದೊರೆಯಲಾರದು.

ಆದರೆ ಅಂಧನಾದವನು ಜಾಲತಾಣಕ್ಕೆ ಬರಿಗೈಯಲ್ಲಿ ಬರುವುದಿಲ್ಲ. ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ಸ್ಕ್ರೀನ್ ರೀಡರ್ ಎಂಬ ತಂತ್ರಾಂಶ ಅವನ ಬಳಿ ಮೊದಲೇ ಇರುತ್ತದೆ. ಆಸ್ಟ್ರೇಲಿಯದ ಮೈಕೆಲ್ ಕರನ್ ಎಂಬ ಅಂಧ ತರುಣನು 2006ರಲ್ಲಿ ಆರಂಭಿಸಿದ ಎನ್‌ವಿಡಿಎ ಅಂಥದೊಂದು. ಅದಕ್ಕೆ ಬೆಲೆಯಿಲ್ಲ, ಕನ್ನಡವನ್ನೂ ಅದು ಓದಬಲ್ಲದು. ಮೌಸನ್ನು ಮುಟ್ಟದೆ, ಕೀಲಿಮಣೆಯಿಂದಲೇ ಶೀರ್ಷಿಕೆಯಿಂದ ಶೀರ್ಷಿಕೆಗೆ ನೆಗೆಯುತ್ತ, ಕಣ್ಣುಳ್ಳವರು ಬೆರಗಾಗುವ ವೇಗದಲ್ಲಿ ಅದನ್ನು ಕೇಳಿಸಿಕೊಳ್ಳುವವರಿದ್ದಾರೆ. ಅಂಥವರ ಮುಂದೆ ಮೇಲುಹೊದಿಕೆಯು ತನ್ನದೇ ಕೀಲಿಗಳನ್ನೂ ತನ್ನದೇ ಏರ್ಪಾಡನ್ನೂ ಒಡ್ಡಿದಾಗ ಒಂದಕ್ಕೊಂದು ಅಡ್ಡ ಬರುವುದುಂಟು. ಬಂದ ಅತಿಥಿಯ ಊರುಗೋಲನ್ನು ಬಾಗಿಲಲ್ಲೇ ಕಸಿದುಕೊಂಡು, ಮನೆಯವರ ಕೋಲನ್ನು ಅವನ ಕೈಗೆ ತುರುಕುವಂಥ ಆದರಾತಿಥ್ಯವಿದು!

ದೃಷ್ಟಿ ಮಂದವಾದ ಹಿರಿಯರಿಗೆ ದೊಡ್ಡಕ್ಷರದಿಂದ ಉಪಯೋಗವಿಲ್ಲವೆ? ಉಂಟು. ಆದರೆ ಕಂಟ್ರೋಲ್ ಕೀಲಿಯೊಡನೆ ಅಧಿಕ ಚಿಹ್ನೆಯನ್ನು ಒತ್ತಿದರೆ ಬೊಂಬೆಯ ಹಂಗಿಲ್ಲದೆಯೇ ಅಕ್ಷರ ಹಿಗ್ಗುತ್ತದೆ.

ನಿಜವಾದ ತೊಡಕಿರುವುದು ಹೊದಿಕೆಯ ಅಡಿಯಲ್ಲಿ. ಬಸ್ಸಿನ ಟಿಕೀಟು ಕೊಳ್ಳುವ ಪುಟವೊಂದನ್ನು ಊಹಿಸಿಕೊಳ್ಳಬಹುದು. ಹಣ ಕಟ್ಟುವ ಗುಂಡಿಗೆ ಅದನ್ನು ರಚಿಸಿದವನು ಹೆಸರು ಬರೆಯದೆ ಬರಿಯ ಚಿತ್ರವನ್ನಿಟ್ಟಿದ್ದಾನೆ. ಸ್ಕ್ರೀನ್ ರೀಡರ್ “ಬಟನ್” ಎಂದಷ್ಟೇ ನುಡಿದು ಸುಮ್ಮನಾಗುತ್ತದೆ. ಪಕ್ಕದಲ್ಲಿ ಮತ್ತೊಂದು “ಬಟನ್”. ಹಣ ಕಟ್ಟುವುದು ಯಾವುದು, ಟಿಕೀಟನ್ನು ರದ್ದುಪಡಿಸುವುದು ಯಾವುದು? ಕೆಲವು ಮೇಲುಹೊದಿಕೆಗಳು ಯಂತ್ರಬುದ್ಧಿಯಿಂದ ಇದನ್ನು ಊಹಿಸಲೆಳಸುತ್ತವೆ, ಚಿತ್ರಗಳಿಗೂ ವಿವರಣೆ ಕಟ್ಟುತ್ತವೆ. ಮದುವೆಯ ಸೀರೆ ಆರಿಸಬಂದ ಹೆಂಗಸಿಗೆ “ಕೆಂಪು ಬಟ್ಟೆ” ಎಂದು ಯಂತ್ರ ಉಸುರಿದರೆ ಬಂದ ಭಾಗ್ಯವೇನು? ಅಂಚಿನ ಬಣ್ಣವನ್ನೂ ಸೆರಗಿನ ಕುಸುರಿಯನ್ನೂ ಬಲ್ಲವನು ಅಂಗಡಿಯವನು. ಅವನೇ ಒಂದು ವಾಕ್ಯ ಬರೆದಿಡಬಹುದಾಗಿತ್ತು.

ಅಮೆರಿಕದ ವೆಬ್‌ಏಮ್ ಸಂಸ್ಥೆಯು 2021ರಲ್ಲಿ ಈ ಕ್ಷೇತ್ರದಲ್ಲಿ ದುಡಿಯುವವರನ್ನು ವಿಚಾರಿಸಿದಾಗ, ಅವರಲ್ಲಿ ಸ್ವತಃ ಅಂಗವೈಕಲ್ಯವುಳ್ಳವರ ಪೈಕಿ ಶೇಕಡ 72 ಮಂದಿ ಇಂಥ ಸಾಧನಗಳಿಂದ ಪ್ರಯೋಜನ ಅತ್ಯಲ್ಪ, ಇಲ್ಲವೆ ಶೂನ್ಯ ಎಂದರು. 2025ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್, ಯಾವುದೇ ತಾಣವನ್ನು ಜಾಗತಿಕ ಮಾರ್ಗಸೂತ್ರಗಳಿಗೆ ಅನುಗುಣವಾಗಿಸಬಲ್ಲೆವೆಂದು ಸಾರುತ್ತಿದ್ದ ಆಕ್ಸೆಸಿಬಿ ಎಂಬ ಕಂಪೆನಿಯು 10 ಲಕ್ಷ ಡಾಲರ್ ತೆರಬೇಕೆಂದು ಆಜ್ಞಾಪಿಸಿತು.

ನಮ್ಮ ದೇಶದಲ್ಲಿ ಪ್ರಶ್ನೆ ಇನ್ನೂ ತೀಕ್ಷ್ಣವಾಗಿ ಎದ್ದಿತು. ಬ್ಯಾಂಕಿನ ಖಾತೆ ತೆರೆಯಲು ಕ್ಯಾಮೆರಾದ ಮುಂದೆ ಕಣ್ಣು ಮಿಟುಕಿಸಿ, ತಾನು ಜೀವಂತನೆಂದು ರುಜುವಾತುಪಡಿಸಬೇಕಾದ ಪದ್ಧತಿಯೊಂದಿತ್ತು. ಅಂಧರೂ, ಆಸಿಡ್ ದಾಳಿಯಲ್ಲಿ ಮುಖ ಕಣ್ಣುಗಳು ಘಾಸಿಗೊಂಡವರೂ ಮಿಟುಕಿಸುವುದೆಂತು? ಅಂಥವರೆದುರು ಬೊಂಬೆ ಅಕ್ಷರಗಳನ್ನು ಎಷ್ಟು ದೊಡ್ಡದು ಮಾಡಿದರೂ ಖಾತೆ ತೆರೆಯುವುದಿಲ್ಲ. ಅವರು ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. 2025ರ ಏಪ್ರಿಲ್ 30ರಂದು ನ್ಯಾಯಾಲಯವು ಡಿಜಿಟಲ್ ಸೌಕರ್ಯಗಳನ್ನು ಪಡೆಯುವುದು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಅಂಗವೆಂದು ಸಾರಿತು. ಮಿಟುಕಿಸುವುದಕ್ಕೆ ಬದಲಿ ಮಾರ್ಗಗಳಿರಬೇಕೆಂದಿತು. ಜಾಲತಾಣವನ್ನೋ ಆ್ಯಪನ್ನೋ ರೂಪಿಸುವಾಗ ಅಂಧರನ್ನು ಕೂರಿಸಿ ಅವರಿಂದಲೇ ಪರೀಕ್ಷೆ ಮಾಡಿಸಬೇಕೆಂದೂ ನಿರ್ದೇಶಿಸಿತು.