ಆರಿಸೋದು ಒಂದು ದಿನ, ಬೆಳೆಸೋದು ವರ್ಷಗಟ್ಟಲೆ

ಅಮೆರಿಕದವರು ಫುಟ್‌ಬಾಲ್ ಅನ್ನೋದು ನಮಗೆ ಗೊತ್ತಿರುವ ಕಾಲ್ಚೆಂಡಿಗಲ್ಲ. ಎರಡೂ ತುದಿ ಚೂಪಾದ ಚೆಂಡನ್ನು ಕೈಯಲ್ಲಿ ಹಿಡಿದು, ಎಸೆದು, ಓಡಿ ಎದುರಾಳಿಯ ಗಡಿ ದಾಟಿಸುವ ಆಟ ಅದು. ಒಂದು ಕಡೆಗೆ ಹನ್ನೊಂದು ಜನ. ಅವರಲ್ಲಿ ಒಬ್ಬ ಕ್ವಾರ್ಟರ್‌ಬ್ಯಾಕ್. ದಾಳಿ ಶುರುವಾದಾಗ ಹೆಚ್ಚುಕಮ್ಮಿ ಪ್ರತಿ ಸಲವೂ ಚೆಂಡು ಮೊದಲು ಬರೋದು ಅವನ ಕೈಗೆ. ಯಾರಿಗೆ ಎಸೆಯಬೇಕು ಅಂತ ಎರಡು ಮೂರು ಸೆಕೆಂಡಿನಲ್ಲಿ ತೀರ್ಮಾನಿಸಬೇಕು. ಅಷ್ಟರಲ್ಲಿ ಕ್ವಿಂಟಲ್‌ಗೂ ಮಿಕ್ಕಿ ತೂಗುವ ಆಳುಗಳು ಅವನನ್ನು ಕೆಡವಲು ನುಗ್ಗಿ ಬಂದಿರುತ್ತಾರೆ.

ಅಲ್ಲಿನ ಭಾನುವಾರ ಮಧ್ಯಾಹ್ನದ ಪಂದ್ಯ ನಮಗೆ ರಾತ್ರಿ ಹನ್ನೊಂದರ ಹೊತ್ತಿಗೆ. ಸುದ್ದಿ ಕಳಿಸಿ ಮುಗಿಸಿ ಮೊಬೈಲಲ್ಲಿ ನೋಡೋಕೆ ಶುರು ಮಾಡಿದೆವು. ನಿಯಮಗಳಿಗಿಂತ ಜಾಸ್ತಿ ನಮ್ಮನ್ನು ಹಿಡಿದು ಕೂರಿಸಿದ್ದು, ಈ ಒಬ್ಬ ಆಟಗಾರನನ್ನು ಹೇಗೆ ಹುಡುಕುತ್ತಾರೆ ಅನ್ನೋ ಕತೆ.

ಎನ್‌ಎಫ್‌ಎಲ್ ಲೀಗ್‌ನಲ್ಲಿ 32 ತಂಡಗಳಿವೆ. ಐಪಿಎಲ್ ಥರ ಹರಾಜಿಲ್ಲ, ಡ್ರಾಫ್ಟ್ ಇದೆ. ಕಾಲೇಜು ತಂಡಗಳಲ್ಲಿ ಆಡಿದ ಹುಡುಗರನ್ನು ಏಳು ಸುತ್ತಿನಲ್ಲಿ ಸರದಿ ಪ್ರಕಾರ ಆರಿಸುತ್ತಾರೆ. ಹಿಂದಿನ ವರ್ಷ ಕೊನೆಗೆ ಬಿದ್ದ ತಂಡಕ್ಕೆ ಮೊದಲ ಸರದಿ. ಅದಕ್ಕೂ ಮುಂಚೆ ಇಂಡಿಯಾನಾಪೊಲಿಸ್ ನಗರಕ್ಕೆ ಕರೆಸಿ ಎತ್ತರ, ತೂಕ, ಅಂಗೈ ಅಗಲ, 40 ಗಜದ ಓಟ ಎಲ್ಲ ಅಳೆಯುತ್ತಾರೆ. ತಲೆ ಎಷ್ಟು ಓಡುತ್ತೆ ನೋಡೋಕೆ 12 ನಿಮಿಷದಲ್ಲಿ 50 ಪ್ರಶ್ನೆಗಳ ಪರೀಕ್ಷೆಯನ್ನೂ ದಶಕಗಳ ಕಾಲ ಇಟ್ಟಿದ್ದರು. 2022ರಲ್ಲಿ ಅದನ್ನು ಕೈಬಿಟ್ಟರು.

ಇಷ್ಟೆಲ್ಲ ಅಳೆದರೂ ಲೆಕ್ಕ ತಪ್ಪುತ್ತೆ. 2000ದಲ್ಲಿ ಟಾಮ್ ಬ್ರಾಡಿ 40 ಗಜ ಓಡಲು 5.28 ಸೆಕೆಂಡ್ ತಗೊಂಡ. ಈ ಆಟದಲ್ಲಿ ಅದು ನಿಧಾನ. ಅವನಿಗಿಂತ ಮೊದಲು 198 ಜನರನ್ನು ಆರಿಸಿದರು, ಅದರಲ್ಲಿ ಆರು ಜನ ಕ್ವಾರ್ಟರ್‌ಬ್ಯಾಕ್‌ಗಳು. ಮುಂದೆ ಬ್ರಾಡಿ ಏಳು ಸಲ ಚಾಂಪಿಯನ್ ಆದ. 1998ರಲ್ಲಿ ಎರಡನೆಯವನಾಗಿ ಆಯ್ಕೆಯಾದ ರಯಾನ್ ಲೀಫ್, ಮೊದಲಿನಿಂದ ಕಣಕ್ಕಿಳಿದ 21 ಪಂದ್ಯಗಳಲ್ಲಿ ಗೆದ್ದಿದ್ದು ನಾಲ್ಕು.

ಕೆಲವು ಸಲ ಅದು ಬರೀ ಲೆಕ್ಕದ ತಪ್ಪಲ್ಲ, ನೋಡುವ ಕಣ್ಣಿನದೇ ದೋಷ. ಕಪ್ಪು ಜನಾಂಗದ ಹುಡುಗರಿಗೆ ತಂಡ ನಡೆಸುವ ಬುದ್ಧಿ ಇಲ್ಲ ಅನ್ನೋ ಭಾವನೆ ಅಲ್ಲಿ ಬಹಳ ಕಾಲ ಇತ್ತು. ಕಾಲೇಜಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿದ್ದವರನ್ನೂ ಬೇರೆ ಜಾಗಕ್ಕೆ ತಳ್ಳುತ್ತಿದ್ದರು. 1978ರಲ್ಲಿ ವಾರನ್ ಮೂನ್‌ನನ್ನು ಯಾವ ತಂಡವೂ ಆರಿಸಲಿಲ್ಲ. ಆತ ಜಾಗ ಬದಲಿಸಲು ಒಪ್ಪದೆ ಕೆನಡಾಕ್ಕೆ ಹೋದ, ಅಲ್ಲಿ ಸತತ ಐದು ಸಲ ಚಾಂಪಿಯನ್ ತಂಡದಲ್ಲಿದ್ದ. 1984ರಲ್ಲಿ ಎನ್‌ಎಫ್‌ಎಲ್ ಬಾಗಿಲು ತೆರೆಯಿತು. ಇವತ್ತು ಅವನ ಹೆಸರು ಹಾಲ್ ಆಫ್ ಫೇಮ್‌ನಲ್ಲಿದೆ.

ಆರಿಸಿದ ಮೇಲೆ ಇನ್ನೊಂದು ಸಮಸ್ಯೆ. ಮೊದಲ ಸರದಿ ಸಿಗೋದು ಸೋತು ಸುಣ್ಣವಾದ ತಂಡಕ್ಕೆ. ಅಂದರೆ ಒಳ್ಳೆ ಹುಡುಗ ಹೋಗಿ ಸೇರೋದು ಹದಗೆಟ್ಟ ಮನೆಗೆ. 2002ರಲ್ಲಿ ಮೊದಲಿಗನಾಗಿ ಆಯ್ಕೆಯಾದ ಡೇವಿಡ್ ಕಾರ್, ಹೊಸದಾಗಿ ಹುಟ್ಟಿದ ಹ್ಯೂಸ್ಟನ್ ತಂಡ ಸೇರಿದ. ಅವನನ್ನು ಕಾಯಬೇಕಾದ ಆಳುಗಳೇ ದುರ್ಬಲ. ಆ ಒಂದೇ ವರ್ಷ, 16 ಪಂದ್ಯಗಳಲ್ಲಿ, ಚೆಂಡು ಕೈಯಲ್ಲಿರುವಾಗಲೇ ಅವನನ್ನು 76 ಸಲ ನೆಲಕ್ಕೆ ಕೆಡವಿದರು. ಅದು ಇವತ್ತಿಗೂ ದಾಖಲೆ.

2005ರಲ್ಲಿ ಮೊದಲಿಗನಾಗಿ ಆಯ್ಕೆಯಾದವನು ಅಲೆಕ್ಸ್ ಸ್ಮಿತ್. ಸ್ಯಾನ್ ಫ್ರಾನ್ಸಿಸ್ಕೊ ತಂಡದ ಮೊದಲ ಐದು ವರ್ಷದಲ್ಲಿ ಅವನಿಗೆ ದಾಳಿಯ ಪಾಠ ಹೇಳೋಕೆ ಐದು ಜನ ಬಂದರು. ವರ್ಷಕ್ಕೊಬ್ಬ ಮೇಷ್ಟ್ರು, ವರ್ಷಕ್ಕೊಂದು ಹೊಸ ಪಠ್ಯ. ಆಗ ಬಹಳ ಜನ ಅವನನ್ನು ದಂಡಪಿಂಡ ಅಂದರು. ಅದೇ ವರ್ಷ 24ನೆಯವನಾಗಿ ಆಯ್ಕೆಯಾದ ಆರನ್ ರಾಜರ್ಸ್ ಗ್ರೀನ್ ಬೇ ತಂಡದಲ್ಲಿ ಹಿರಿಯ ಬ್ರೆಟ್ ಫಾವ್ರ್ ಹಿಂದೆ ಮೂರು ವರ್ಷ ಬೆಂಚಲ್ಲಿ ಕೂತು ಕಲಿತ, ಆಮೇಲೆ ಚಾಂಪಿಯನ್ ಆದ.

ಸ್ಮಿತ್ ಕತೆ ಅಲ್ಲಿಗೇ ಮುಗಿಯಲಿಲ್ಲ. ಕಾನ್ಸಾಸ್ ಸಿಟಿಗೆ ಬಂದ ಮೇಲೆ ಆಂಡಿ ರೀಡ್ ಅನ್ನೋ ಒಬ್ಬರೇ ಕೋಚ್ ಕೈಕೆಳಗೆ ಐದು ವರ್ಷ ಚೆನ್ನಾಗಿ ಆಡಿದ. 2017ರಲ್ಲಿ ಅದೇ ತಂಡ ಮುಂದಿನ ವರ್ಷದ ಮೊದಲ ಸುತ್ತಿನ ಸರದಿಯನ್ನೂ ಬಿಟ್ಟುಕೊಟ್ಟು ಪ್ಯಾಟ್ರಿಕ್ ಮಹೋಮ್ಸ್ ಅನ್ನೋ ಹುಡುಗನನ್ನು ತಂದಿತು. ಅವನು ಬಂದಿದ್ದೇ ತನ್ನ ಜಾಗಕ್ಕೆ ಅಂತ ಸ್ಮಿತ್‌ಗೆ ಗೊತ್ತಿತ್ತು. ಆದರೂ ಪಕ್ಕದಲ್ಲಿ ಕೂರಿಸಿಕೊಂಡು, ವಾರಪೂರ್ತಿ ಎದುರಾಳಿಯ ವಿಡಿಯೊ ನೋಡಿ ಹೇಗೆ ತಯಾರಾಗಬೇಕು ಅಂತ ತೋರಿಸಿಕೊಟ್ಟ. ಮಹೋಮ್ಸ್ ಆ ವರ್ಷ ಕಣಕ್ಕಿಳಿದಿದ್ದು ಒಂದೇ ಪಂದ್ಯಕ್ಕೆ. ಮರುವರ್ಷ ಸ್ಮಿತ್ ಬೇರೆ ತಂಡಕ್ಕೆ ಹೋದ, ಮಹೋಮ್ಸ್ ಲೀಗ್‌ನ ಅತ್ಯುತ್ತಮ ಆಟಗಾರನಾದ. ಸ್ಮಿತ್ ಕಲಿಸಿದ್ದನ್ನು ಅವನು ಇವತ್ತಿಗೂ ನೆನೆಯುತ್ತಾನೆ.

ಎಲ್ಲ ತಂಡಗಳಿಗೂ ಹೀಗೆ ಕಾಯುವ ವ್ಯವಧಾನ ಇಲ್ಲ. 2011ರ ಒಪ್ಪಂದದ ನಂತರ ಹೊಸಬರ ಸಂಬಳಕ್ಕೆ ಮಿತಿ ಬಿತ್ತು. ಹುಡುಗ ಅಗ್ಗವಾಗಿ ಸಿಗುವ ನಾಲ್ಕೈದು ವರ್ಷದಲ್ಲೇ ಗೆದ್ದುಬಿಡಬೇಕು ಅನ್ನೋ ಅವಸರ ಜಾಸ್ತಿಯಾಯಿತು. ಎರಡು ವರ್ಷ ಸೋತರೆ ಕೋಚ್ ಕೆಲಸಕ್ಕೇ ಕುತ್ತು. ಕಲಿಯೋಕೆ ಬಂದವನನ್ನು ಮೊದಲ ದಿನವೇ ಹೊಲಕ್ಕೆ ಇಳಿಸಿ, ಫಸಲು ಎಲ್ಲಿ ಅಂತ ಕೇಳಿದ ಹಾಗೆ.

ನಾವು ಡಿಪ್ಲೊಮಾ ಮುಗಿಸಿದ ಹೊಸತರಲ್ಲಿ ಹಿರಿಯ ವರದಿಗಾರರೊಬ್ಬರ ಬೈಕ್ ಹಿಂದೆ ಕೂತು ಎರಡು ವರ್ಷ ತಾಲೂಕು ಸುತ್ತಿದ್ದೆವು. ಪಂಚಾಯಿತಿ ಕಡತದಲ್ಲಿ ಯಾವ ಪುಟ ಮೊದಲು ನೋಡಬೇಕು, ಯಾರ ಮಾತು ಎರಡು ಸಲ ಕೇಳಬೇಕು ಅಂತ ಕಲಿತಿದ್ದು ಅಲ್ಲೇ. ನಮ್ಮ ಜತೆ ಪಾಸಾದವರಲ್ಲಿ ನಮಗಿಂತ ಚೆನ್ನಾಗಿ ಬರೆಯುತ್ತಿದ್ದವರಿದ್ದರು. ಕೂರೋಕೆ ಅಂಥದ್ದೊಂದು ಬೈಕ್ ಸಿಗದೆ ವರ್ಷದೊಳಗೆ ಈ ಕೆಲಸ ಬಿಟ್ಟರು. ಅವರಿಗೆ ಪ್ರತಿಭೆ ಇರಲಿಲ್ಲ ಅಂತ ಯಾರಾದರೂ ಅಂದರೆ ನಾವು ಒಪ್ಪೋದಿಲ್ಲ.