ಗಿಟಾರಿನ ಜೊತೆ ಶರೀಫಜ್ಜ

ಜಯನಗರ, ಬನಶಂಕರಿಯ ಮನೆಗಳಲ್ಲಿ ಶಿಶುನಾಳ ಶರೀಫರ ಹಾಡೆಂದರೆ ಬಹುಕಾಲ ಸಿ. ಅಶ್ವತ್ಥ್ ಅವರ ಕಂಠವೇ. 1990ರಲ್ಲಿ ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಚಿತ್ರ ಬಂದ ಮೇಲಂತೂ ಅದೇ ಮೂಲ ಧಾಟಿ ಎಂಬ ನಂಬಿಕೆ ಗಟ್ಟಿಯಾಯಿತು. ಇಂಥ ಕಿವಿಗಳಿಗೆ 2008ರಲ್ಲಿ ರಘು ದೀಕ್ಷಿತರ ಮೊದಲ ಆಲ್ಬಮ್ ಬಂದು ಬಡಿಯಿತು. ಗಿಟಾರು, ಡ್ರಮ್ಸು, ಪಿಟೀಲು. ವೇದಿಕೆಯ ಮೇಲೆ ಬಣ್ಣದ ಲುಂಗಿ, ಕಾಲಿಗೆ ಗೆಜ್ಜೆ. ‘ಇದೆಂಥ ಶರೀಫ?’ ಎಂದು ಹಿರಿಯರು ಮುಖ ಸಿಂಡರಿಸಿದರು. ಮಕ್ಕಳು ಸದ್ದು ಇನ್ನಷ್ಟು ಜೋರು ಮಾಡಿದರು.

ಮೈಸೂರಿನಲ್ಲಿ ಬೆಳೆದ ಈ ಗಾಯಕ ಸೂಕ್ಷ್ಮಜೀವಿಶಾಸ್ತ್ರದಲ್ಲಿ ಚಿನ್ನದ ಪದಕ ಪಡೆದವರು, ಭರತನಾಟ್ಯ ಕಲಿತವರು. ಗಿಟಾರು ಹಿಡಿದದ್ದು ಸಹಪಾಠಿಯೊಬ್ಬನ ಸವಾಲಿಗೆ. ಆಲ್ಬಮ್ಮಿಗಾಗಿ ವರ್ಷಗಟ್ಟಲೆ ಅಲೆದ ಮೇಲೆ, ಮುಂಬಯಿಯ ವಿಶಾಲ್-ಶೇಖರ್ ಜೋಡಿ ತಮ್ಮದೇ ಸಂಸ್ಥೆಯಿಂದ ಅದನ್ನು ಹೊರತಂದಿತು. ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಶರೀಫರ ಗುಡುಗುಡಿಯ ಪದ ಮತ್ತು ಸೋರುವ ಮನೆಯ ಪದ ಸೇರಿಕೊಂಡವು.

ಗುಡುಗುಡಿ ಎಂದರೆ ಹುಕ್ಕಾ. ಎಳೆದ ಹೊಗೆ ನೀರಿನೊಳಗಿಂದ ಗುಳ್ಳೆಯಾಗಿ ಏಳುವ ಸದ್ದೇ ಅದರ ಹೆಸರು. ಆದರೆ ಶರೀಫರ ಚಿಲುಮೆಯಲ್ಲಿ ಸುಡಬೇಕಾದದ್ದು ಹೊಗೆಸೊಪ್ಪಲ್ಲ, ಮೋಹ. ಡ್ರಮ್ಸಿನ ಓಟದಲ್ಲಿ ಕೇಳುಗ ಈ ಚುರುಕು ಮುಟ್ಟುವ ಮೊದಲೇ ಕುಣಿಯತೊಡಗುತ್ತಾನೆ. ಹಿರಿಯರ ದೂರಿನಲ್ಲಿ ಇಷ್ಟು ನಿಜವುಂಟು.

ಮೂಲ ಧಾಟಿಯ ಮಾತು ಮಾತ್ರ ನಿಲ್ಲುವುದಿಲ್ಲ. 1889ರಲ್ಲಿ ತೀರಿಕೊಂಡ ಶರೀಫರ ದನಿಯನ್ನು ಮುದ್ರಿಸಿಕೊಂಡವರು ಯಾರು? ತತ್ತ್ವಪದಗಳು ಭಜನೆಯವರ ಬಾಯಿಂದ ಬಾಯಿಗೆ ಬಂದವು. ಅಶ್ವತ್ಥರ ಧಾಟಿಯೂ ಒಂದು ಕಾಲಕ್ಕೆ ಹೊಸತೇ. ಅಮೆರಿಕದ ‘ಕಂಟ್ರಿ’ ಸಂಗೀತದ ಕಥೆಯೂ ಹೆಚ್ಚುಕಡಿಮೆ ಹೀಗೆಯೇ: ಬೆಟ್ಟಸೀಮೆಯ ಮನೆಹಾಡುಗಳನ್ನು 1927ರಲ್ಲಿ ಬ್ರಿಸ್ಟಲ್ ಎಂಬ ಊರಿನಲ್ಲಿ ಧ್ವನಿಮುದ್ರಿಸಿದರು, ತಟ್ಟೆಯ ಮೇಲೆ ಬಂದದ್ದೇ ಮುಂದಿನವರಿಗೆ ಪರಂಪರೆಯಾಯಿತು.

2010ರಲ್ಲಿ ಬಿ.ಬಿ.ಸಿ.ಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ರಘು ಹಾಡಿದ ಮೇಲೆ ಈ ಆಲ್ಬಮ್ ಕನ್ನಡ ಬಾರದವರ ಮನೆಗೂ ಹೋಯಿತು. ಅರ್ಥದ ಗೊಡವೆ ಅವರಿಗಿಲ್ಲ. ಕನ್ನಡದ ಮಕ್ಕಳಿಗೆ ಅದು ತಪ್ಪಿದ್ದಲ್ಲ. ಸೋರುವ ಮನೆಯ ಪದದಲ್ಲಿ ಬರುವ ‘ಮಾಳಿಗೆ’ ಎಂದರೆ ಜೆ.ಪಿ. ನಗರದ ಹುಡುಗನಿಗೆ ಮೇಲಿನ ಅಂತಸ್ತು. ಧಾರವಾಡದ ಕಡೆ ಅದು ಮನೆಯ ಚಾವಣಿಯೇ: ತೊಲೆ, ಹಲಗೆಗಳ ಮೇಲೆ ದಪ್ಪಗೆ ಮಣ್ಣು ಬಡಿದ ಮಟ್ಟಸ ಮಾಳಿಗೆ. ಮಳೆಗಾಲಕ್ಕೆ ಮುಂಚೆ ಮತ್ತೆ ಮಣ್ಣೇರಿಸಿ ಬಿರುಕು ಮುಚ್ಚದಿದ್ದರೆ ಒಳಗೆ ತಟತಟ. ಆ ದುರಸ್ತಿಯನ್ನು ಮನೆಯಾತನೇ ಮಾಡಬೇಕು, ಪ್ರತಿ ವರ್ಷ. ಫ್ಲ್ಯಾಟಿನಲ್ಲಿ ಸೋರಿದರೆ ಮೇಲಿನವರ ಬಚ್ಚಲನ್ನು ದೂರಿ, ಸಂಘದ ಸಭೆ ಕರೆದರಾಯಿತು. ಇದನ್ನು ಆ ಹುಡುಗನಿಗೆ ಬಿಡಿಸಿ ಹೇಳಲು ನೆರೆಮನೆಗೆ ಗದಗಿನ ಅಜ್ಜಿಯೊಬ್ಬರು ಬಂದಿರಬೇಕು, ಅಷ್ಟೆ.