ಎರಡಕ್ಕೆ ಒಂದು ಕೂಡಿದರೆ ಇಪ್ಪತ್ತೊಂದು!

"ಏನ್ರೀ, ಮಗಳು ಬಿ.ಸಿ.ಎ. ಮುಗಿಸಿ ವರ್ಷ ಆಗ್ತಾ ಬಂತು, ಇನ್ನೂ ಮನೇಲೇ ಇದಾಳಲ್ಲ?"

ತಿಪಟೂರಿನ ನಮ್ಮ ಬೀದಿಯಲ್ಲಿ ತರಕಾರಿ ಗಾಡಿ ನಿಂತಾಗಲೆಲ್ಲ ನನಗೆ ಈ ಪ್ರಶ್ನೆ ತಪ್ಪಿದ್ದಲ್ಲ. "ಕೆಲಸ ಹುಡುಕ್ತಾ ಇದಾಳೆ" ಎಂದು ಹೇಳಿ, ಸೊಪ್ಪಿನ ಕಟ್ಟು ತೆಗೆದುಕೊಂಡು ಒಳಗೆ ಬಂದುಬಿಡುತ್ತಿದ್ದೆ. ಅವರಿಗೆ ಹೇಳದ ಸಂಗತಿಯನ್ನು ಸೋದರಿಯರಾದ ನಿಮ್ಮಲ್ಲಿ ಹೇಳಿಕೊಳ್ಳುತ್ತೇನೆ.

ಮಗಳು ಡಿಗ್ರಿ ಮುಗಿಸಿದ್ದು 2023ರಲ್ಲಿ. ದೊಡ್ಡ ಸಾಫ್ಟ್‌ವೇರ್ ಕಂಪನಿಗಳು ಹೊಸಬರನ್ನು ತೆಗೆದುಕೊಳ್ಳಲು ಹಿಂದೆಮುಂದೆ ನೋಡುತ್ತಿದ್ದ ಕಾಲ ಅದು. ಬೆಂಗಳೂರಿನ ಒಂದು ತರಬೇತಿ ಕೇಂದ್ರದವರು "ನಲವತ್ತು ಸಾವಿರ ಕಟ್ಟಿ, ಮೂರು ತಿಂಗಳಲ್ಲಿ ವೆಬ್ ಡೆವಲಪ್‌ಮೆಂಟ್ ಕಲಿಸಿ ಕೆಲಸ ಕೊಡಿಸ್ತೀವಿ" ಎಂದರು. ನಮ್ಮವರು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವವರು. ಅಷ್ಟು ದುಡ್ಡು ಎಲ್ಲಿಂದ ಬರಬೇಕು? ತವರಿನವರು ಕೊಟ್ಟಿದ್ದ ನನ್ನ ಎರಡು ಬಳೆ ಅಡವಿಟ್ಟೆವು. ಮೂರು ತಿಂಗಳು ಕಳೆದ ಮೇಲೆ ಕೈಗೆ ಬಂದದ್ದು ಒಂದು ಬಣ್ಣದ ಸರ್ಟಿಫಿಕೇಟು. ಕೆಲಸದ ಮಾತೆತ್ತಿದರೆ ಆ ಕಡೆಯವರು ಫೋನೇ ಎತ್ತಲಿಲ್ಲ.

ಮಗಳು ದಿನಾ ಹತ್ತಾರು ಕಡೆ ಅರ್ಜಿ ಹಾಕುತ್ತಿದ್ದಳು. 'ಇಲ್ಲ' ಎನ್ನುವ ಉತ್ತರವಾದರೂ ಬಂದರೆ ಪುಣ್ಯ. ಒಂದು ಸಂಜೆ, ಬಡ್ಡಿ ಕಟ್ಟಿ ಬಂದ ಬೇಸರದಲ್ಲಿ, ನಾನು ಆಡಬಾರದ ಮಾತು ಆಡಿಬಿಟ್ಟೆ. "ನನ್ನ ಬಳೆ ತಿಂದು ಕೂತಿದೀಯಲ್ಲೇ!" ಅವಳು ಒಂದು ಮಾತೂ ತಿರುಗಿ ಆಡಲಿಲ್ಲ. ರಾತ್ರಿ ಊಟಕ್ಕೆ ಏಳಲಿಲ್ಲ. ಬೆಳಿಗ್ಗೆ ಎದ್ದು, "ಅಮ್ಮಾ, ಆ ಹಾಸನದ ಗಂಡಿನ ಕಡೆಯವರು ಬರಲಿ ಅಂತ ಹೇಳು" ಅಂದಳು.

ಯಾವ ತಾಯಿಗಾದರೂ ಸಂತೋಷವಾಗಬೇಕಿತ್ತು. ನನಗೆ ಎದೆ ಧಸಕ್ಕೆಂದಿತು. ಇಷ್ಟಪಟ್ಟು 'ಹೂಂ' ಅನ್ನೋದು ಬೇರೆ, ಸೋತು 'ಹೂಂ' ಅನ್ನೋದು ಬೇರೆ. ಎಸ್ಸೆಸ್ಸೆಲ್ಸಿ ಪಾಸಾಗಿ ಪಿ.ಯು.ಸಿ. ಓದುವ ಆಸೆ ಇದ್ದ ನಾನು ಹಿಂದೆ ಹಾಗೇ 'ಹೂಂ' ಅಂದವಳು. ಆ ದನಿಯ ಗುರುತು ನನಗೆ ಸಿಕ್ಕದೆ ಇರುತ್ತದೆಯೇ?

"ಗಂಡಿನ ವಿಷಯ ದೀಪಾವಳಿ ಆದ ಮೇಲೆ ನೋಡೋಣ. ಅಲ್ಲಿವರೆಗೆ ನೀನು ಕಲಿತದ್ದನ್ನ ನನಗೆ ಹೇಳಿಕೊಡು" ಎಂದೆ. ಹೇಳಿಕೊಡುವುದಕ್ಕಾದರೂ ಎದ್ದು ಕೂರಲಿ ಎಂಬುದಷ್ಟೇ ನನ್ನ ಉಪಾಯ.

ಹೀಗೆ ಕುಕ್ಕರು ಕೂಗುವ ಹೊತ್ತಿಗೆ ನಮ್ಮ ಶಾಲೆ ಶುರುವಾಯಿತು. ಎಚ್.ಟಿ.ಎಂ.ಎಲ್. ಎಂದರೆ ಪುಟದ ಎಲುಬುಗೂಡು. ಪ್ರತಿ ಮಾತಿಗೂ ಆರಂಭದ ಗುರುತು, ಮುಗಿಯುವ ಗುರುತು. ಪಾತ್ರೆಗೆ ಮುಚ್ಚಳ ಇದ್ದ ಹಾಗೆ. ಮುಚ್ಚಳ ಮರೆತರೆ ಮುಂದಿನದೆಲ್ಲ ಒಳಗೆ ಸುರಿದುಕೊಳ್ಳುತ್ತದೆ. ಸಿ.ಎಸ್.ಎಸ್. ಎಂದರೆ ಅದಕ್ಕೆ ಉಡಿಸುವ ಸೀರೆ. ಜಾವಾಸ್ಕ್ರಿಪ್ಟ್ ಎಂದರೆ ಕೈಕಾಲು ಆಡಿಸುವ ಜೀವ. ಈ ವೆಬ್ಬನ್ನು ಕಂಡುಹಿಡಿದವರು ಟಿಮ್ ಬರ್ನರ್ಸ್-ಲೀ. ಅವರು ಕೆಲಸ ಮಾಡುತ್ತಿದ್ದ ಜಿನೀವಾದ ಸರ್ನ್ ಸಂಸ್ಥೆ 1993ರ ಏಪ್ರಿಲ್‌ನಲ್ಲಿ ಅದನ್ನು ಯಾರು ಬೇಕಾದರೂ ಕಾಸಿಲ್ಲದೆ ಬಳಸಲಿ ಎಂದು ಬಿಟ್ಟುಕೊಟ್ಟಿತಂತೆ. ಪುಕ್ಕಟೆ ಕೊಟ್ಟದ್ದನ್ನು ಕಲಿಯುವುದಕ್ಕೆ ನಾವು ನಲವತ್ತು ಸಾವಿರ ಕೊಟ್ಟಿದ್ದೆವು! ಆಮೇಲೆ ಅವಳು ಕಲಿತದ್ದೆಲ್ಲ ಫ್ರೀಕೋಡ್‌ಕ್ಯಾಂಪ್, ಎಂ.ಡಿ.ಎನ್. ಎಂಬ ಕಡೆಗಳಲ್ಲಿ, ಒಂದು ಪೈಸೆ ಖರ್ಚಿಲ್ಲದೆ.

"ಬರೀ ಪಾಠ ಸಾಕು, ಏನಾದರೂ ಉಪಯೋಗದ್ದು ಮಾಡು" ಎಂದೆ. ನಾನು ಬೀದಿಯ ನಾಲ್ಕಾರು ಮನೆಗೆ ಸಾರಿನ ಪುಡಿ ಮಾಡಿಕೊಡುತ್ತೇನೆ. ಕೇಜಿ ಧನಿಯಕ್ಕೆ ಅರ್ಧ ಕೇಜಿ ಬ್ಯಾಡಗಿ ಮೆಣಸಿನಕಾಯಿ, ನೂರು ನೂರು ಗ್ರಾಂ ಜೀರಿಗೆ ಮತ್ತು ಮೆಣಸು, ಐವತ್ತು ಗ್ರಾಂ ಮೆಂತ್ಯ. ಎಷ್ಟು ಕೇಜಿ ಧನಿಯ ಎಂದು ಬರೆದರೆ ಉಳಿದದ್ದರ ಅಳತೆ ತಾನೇ ತೋರಿಸುವ ಪುಟ ಒಂದನ್ನು ಮಾಡಿದಳು. ಚೆನ್ನಾಗಿಯೇ ನಡೆಯಿತು. ಆಮೇಲೆ ಇಬ್ಬರು ಗಿರಾಕಿಗಳ ಲೆಕ್ಕ ಒಟ್ಟಿಗೆ ಹಾಕುವಂತೆ ಮಾಡಿದಳು. ಒಬ್ಬರದು ಎರಡು ಕೇಜಿ, ಇನ್ನೊಬ್ಬರದು ಒಂದು. ಪುಟ ಹೇಳಿತು: ಇಪ್ಪತ್ತೊಂದು ಕೇಜಿ!

"ಎರಡಕ್ಕೆ ಒಂದು ಸೇರಿದರೆ ಇಪ್ಪತ್ತೊಂದೇನೇ? ಇದನ್ನ ನಂಬಿದರೆ ಬೀದಿಗೆಲ್ಲ ಸಾರು ಹಂಚಬೇಕಾಗತ್ತೆ" ಎಂದು ನಕ್ಕೆ. ಎಷ್ಟೋ ದಿನಗಳ ಮೇಲೆ ಅವಳೂ ನಕ್ಕಳು.

ರಾತ್ರಿ ಹನ್ನೊಂದರವರೆಗೂ ಹುಡುಕಿ ಕಾರಣ ಕಂಡುಹಿಡಿದಳು. ಪೆಟ್ಟಿಗೆಯೊಳಗೆ ಟೈಪ್ ಮಾಡಿದ ಅಂಕಿ ಜಾವಾಸ್ಕ್ರಿಪ್ಟಿನ ಪಾಲಿಗೆ ಅಂಕಿಯಲ್ಲ, ಅಕ್ಷರ. ಗುಣಿಸು ಅಂದರೆ ತಾನೇ ಅಂಕಿ ಮಾಡಿಕೊಳ್ಳುತ್ತದೆ. ಕೂಡಿಸು ಅಂದರೆ ಎರಡರ ಪಕ್ಕ ಒಂದನ್ನು ಅಂಟಿಸುತ್ತದೆ. ಅದಕ್ಕೇ ಮೊದಲು ತಪ್ಪು ಕಂಡಿರಲಿಲ್ಲ. 'ನಂಬರ್' ಎಂಬ ಒಂದು ಮಾತು ಸೇರಿಸಿದಳು, ಮೂರು ಬಂತು. ಬ್ರೆಂಡನ್ ಐಕ್ ಎಂಬುವರು 1995ರಲ್ಲಿ ಈ ಭಾಷೆಯ ಮೊದಲ ರೂಪವನ್ನು ಹತ್ತೇ ದಿನದಲ್ಲಿ ಮಾಡಿದರಂತೆ. "ಅವಸರದ ಅಡುಗೆ, ಉಪ್ಪು ಹೆಚ್ಚುಕಮ್ಮಿ ಇರತ್ತೆ ಬಿಡು" ಎಂದೆ.

2024ರ ದೀಪಾವಳಿ ಬಂತು, ಹೋಯಿತು. ಕೆಲಸ ಸಿಕ್ಕಲಿಲ್ಲ. ನಮ್ಮವರು ಗಂಡಿನ ಮಾತೆತ್ತಿದರು. ಮದುವೆಯಾದಾಗಿನಿಂದ ಅವರ ಮಾತಿಗೆ ಎದುರಾಡದ ನಾನು, "ಇನ್ನು ಮೂರು ತಿಂಗಳು ಅವಳ ತಂಟೆಗೆ ಬರಬೇಡಿ" ಎಂದುಬಿಟ್ಟೆ. ಅವರು ಏನೂ ಹೇಳದೆ ಪೇಪರು ತೆಗೆದುಕೊಂಡರು.

ಸಂಕ್ರಾಂತಿ ಆದ ಮೇಲೆ ಮೈಸೂರಿನ ಒಂದು ಸಣ್ಣ ಕಂಪನಿಯಿಂದ ಕರೆ ಬಂತು. ಸರ್ಟಿಫಿಕೇಟು ಯಾರೂ ಕೇಳಲಿಲ್ಲವಂತೆ. "ನೀವೇ ಮಾಡಿದ್ದು ಏನಾದರೂ ಇದ್ದರೆ ತೋರಿಸಿ. ಅದರಲ್ಲಿ ಎಲ್ಲಿ ಎಡವಿದಿರಿ ಹೇಳಿ" ಅಂದರಂತೆ. ಇವಳು ಸಾರಿನ ಪುಡಿಯ ಪುಟ ತೆರೆದು, ಇಪ್ಪತ್ತೊಂದು ಕೇಜಿಯ ಕಥೆ ಹೇಳಿದಳು. ಅವರೂ ನಕ್ಕರಂತೆ. ವಾರ ಕಳೆದು ಕೆಲಸದ ಕಾಗದ ಬಂತು. ಸಂಬಳ ದೊಡ್ಡದಲ್ಲ; ಬಾಡಿಗೆ, ಊಟ ಕಳೆದರೆ ಸ್ವಲ್ಪ ಉಳಿಯುತ್ತದೆ.

ಮನೆಯಲ್ಲಿ ಇಂಥ ಮಕ್ಕಳಿರುವ ಸೋದರಿಯರಿಗೆ ನನ್ನದು ಎರಡೇ ಮಾತು. ಕೆಲಸ ಕೊಡಿಸುತ್ತೇವೆ ದುಡ್ಡು ಕಟ್ಟಿ ಎನ್ನುವವರನ್ನು ನಂಬಬೇಡಿ. ಇನ್ನೊಂದು, ಕೆಲಸ ಸಿಕ್ಕದ ಮಗುವಿಗೆ ದುಡ್ಡಿನ ಲೆಕ್ಕ ಒಪ್ಪಿಸಬೇಡಿ. ಅದು ಆಗಲೇ ಆ ಲೆಕ್ಕವನ್ನು ಮನಸ್ಸಿನಲ್ಲಿ ನೂರು ಸಲ ಹಾಕಿರುತ್ತದೆ.

ಹೋದ ಹಬ್ಬಕ್ಕೆ ಬಂದಾಗ ಮಗಳು ಒಂದು ಬಳೆ ಬಿಡಿಸಿ ತಂದು ಕೈಗೆ ತೊಡಿಸಿದಳು. ಇನ್ನೊಂದು ಇನ್ನೂ ಅಲ್ಲೇ ಇದೆ. "ಒಂದೇ ಬಳೆಯೇನ್ರೀ?" ಎಂದು ತರಕಾರಿ ಗಾಡಿಯ ಹತ್ತಿರ ಕೇಳುತ್ತಾರೆ. ಈಗ ಸೊಪ್ಪಿನ ಕಟ್ಟು ಹಿಡಿದು ಒಳಗೆ ಓಡಿಬರುವುದಿಲ್ಲ. ನಿಂತು ಕಥೆ ಪೂರ್ತಿ ಹೇಳುತ್ತೇನೆ.